ಕಣ್ಣು ಎಷ್ಟು ಮುಂದೆ ಬಂದಿದೆ? ಯಾವ ಉಪಕರಣದಲ್ಲಿ, ಹೇಗೆ ಅಳೆಯಬೇಕು

ಜಯನಗರದ ಕಡೆಯಿಂದ ಒಬ್ಬ ಅಮ್ಮ ನಮ್ಮಲ್ಲಿಗೆ ಬರುತ್ತಿದ್ದರು. ಥೈರಾಯ್ಡ್‌ನಿಂದ ಅವರ ಕಣ್ಣುಗುಡ್ಡೆ ಮುಂದೆ ಬಂದಿತ್ತು. ಬೇರೆ ಕಡೆಯ ಹಳೇ ಚೀಟಿಯಲ್ಲಿ ಬಲಗಣ್ಣು (ಹೊರಮೂಲೆಯ ಎಲುಬಿನಿಂದ ಕಣ್ಣಿನ ಮುಂದಿನ ತುದಿಯವರೆಗೆ) 23 ಮಿ.ಮೀ. ಅಂತಿತ್ತು, ನಾನು ಅಳೆದಾಗ 20 ಬಂತು. "ಕಡಿಮೆ ಆಗಿದೆ ಅಮ್ಮಾ" ಅಂದುಬಿಟ್ಟೆ. ಅವರ ಮುಖ ಅರಳಿತು. ಆಮೇಲೆ ನೋಡಿದರೆ ಚೀಟಿಯಲ್ಲಿ ಬೇಸ್ (ಉಪಕರಣದ ಎರಡು ಕಾಲುಗಳ ನಡುವಿನ ಅಂತರ) ಬರೆದೇ ಇರಲಿಲ್ಲ, ಉಪಕರಣವೂ ಬೇರೆ ಕಂಪನಿಯದು. ಹಳೇ ಜಾಗದಲ್ಲೇ ಮತ್ತೆ ಅಳೆಸಿದರೆ ಅದೇ 23. ಅದನ್ನು ಅವರಿಗೆ ಹೇಳುವಾಗ ನನಗಾದ ಸಂಕಟ ಇನ್ನೂ ನೆನಪಿದೆ. ಈಗ ತಾನೇ ಕಣ್ಣಿನ ಓಪಿಡಿಗೆ ಸೇರಿರುವವರಿಗೆ ಇದು ಆಗಬಾರದು ಅಂತ ಬರೆಯುತ್ತಿದ್ದೇನೆ.

ಉಪಕರಣ ಎತ್ತಿಕೊಳ್ಳುವ ಮೊದಲು ಅರ್ಧ ನಿಮಿಷ ಸುಮ್ನೆ ನೋಡಿ. ರೋಗಿಯ ಹಿಂದೆ ನಿಂತು, ಅವರ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಹಣೆಯ ಮೇಲಿಂದ ಎರಡೂ ಕಣ್ಣು ನೋಡಿದರೆ ಯಾವುದು ಮುಂದಿದೆ ಅಂತ ಗೊತ್ತಾಗುತ್ತದೆ. ಮೈನಸ್ ಪವರ್ ತುಂಬಾ ಜಾಸ್ತಿ ಇದ್ದವರ ಗುಡ್ಡೆಯೇ ಉದ್ದ, ಹಾಗಾಗಿ ಉಬ್ಬಿದಂತೆ ಕಾಣುತ್ತದೆ. ಮೇಲಿನ ರೆಪ್ಪೆ ಎಳೆದುಕೊಂಡಿದ್ದರೂ ಹಾಗೇ ಕಾಣುತ್ತದೆ. ಕೆಲವೊಮ್ಮೆ ಇನ್ನೊಂದು ಕಣ್ಣು ಒಳಗೆ ಕುಸಿದಿರುತ್ತದೆ ಅಷ್ಟೇ.

ಇದನ್ನು ಅಳೆಯುವ ಉಪಕರಣಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಹರ್ಟೆಲ್. 1905ರಿಂದ ಇದೆ. ಕಣ್ಣಿನ ಹೊರಮೂಲೆಯ ಎಲುಬಿನ ಅಂಚನ್ನು ಮೊದಲು ಬೆರಳಿನಿಂದ ಮುಟ್ಟಿ ಹುಡುಕಿ, ಆ ಗುಳಿಯಲ್ಲೇ ಎರಡೂ ಕಡೆಯ ಕಾಲುಗಳನ್ನು ಕೂರಿಸಿ. ಒತ್ತಬೇಡಿ, ಅಲುಗಾಡಲೂ ಬಿಡಬೇಡಿ. ಥೈರಾಯ್ಡ್ ರೋಗಿಗಳಲ್ಲಿ ಅಲ್ಲಿನ ಚರ್ಮ ಊದಿದ್ದರೆ ಉಪಕರಣ ಎಲುಬಿನ ಮೇಲೆ ಕೂರದೆ ಊತದ ಮೇಲೆ ಕೂರುತ್ತದೆ, ಆಗ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ನಿಮ್ಮ ಕಣ್ಣೂ ರೋಗಿಯ ಕಣ್ಣೂ ಒಂದೇ ಎತ್ತರದಲ್ಲಿರಲಿ. ಅವರ ಬಲಗಣ್ಣು ಅಳೆಯುವಾಗ ನಿಮ್ಮ ಬಲಗಣ್ಣು ಮುಚ್ಚಿ, "ನನ್ನ ಎಡಗಣ್ಣನ್ನೇ ನೋಡಿ" ಅನ್ನಿ. ಉಪಕರಣದ ಕನ್ನಡಿಯಲ್ಲಿ ಗುರುತಿನ ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂತಾಗ ಮಾತ್ರ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ತುದಿ ಎಲ್ಲಿದೆ ಅಂತ ಓದಿ. ನಿಮ್ಮ ತಲೆ ಒಂದು ಚೂರು ಆಚೀಚೆ ಆದರೂ ಅಳತೆ ಬದಲಾಗುತ್ತದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಬರೆಯುವಾಗ "ಬಲ 21, ಎಡ 18, ಬೇಸ್ 98" ಅಂತ ಮೂರೂ ಇರಲಿ. ಮುಂದಿನ ಸಲ ಅದೇ ಬೇಸ್, ಅದೇ ಉಪಕರಣ ಇರಲಿ, ಸಾಧ್ಯವಾದರೆ ಅದೇ ವ್ಯಕ್ತಿಯೇ ಅಳೆಯಲಿ.

ಸಾಮಾನ್ಯವಾಗಿ ದೊಡ್ಡವರಲ್ಲಿ 12ರಿಂದ 21 ಮಿ.ಮೀ. ಅನ್ನುತ್ತಾರೆ, ಜನಾಂಗದಿಂದ ಜನಾಂಗಕ್ಕೆ ಇದು ಬದಲಾಗುತ್ತದೆ. ನನಗೆ ಅದಕ್ಕಿಂತ ಮುಖ್ಯ ಎರಡು ಕಣ್ಣಿನ ನಡುವಿನ ವ್ಯತ್ಯಾಸ. 2 ಮಿ.ಮೀ. ದಾಟಿದರೆ ಕಾರಣ ಹುಡುಕಲೇಬೇಕು.

ಮಕ್ಕಳು ಹರ್ಟೆಲ್ ಮುಖಕ್ಕೆ ತಂದರೆ ಹೆದರುತ್ತಾರೆ. ಅವರಿಗೆ ಲೂಡಿ ವಾಸಿ. ಅದೊಂದು ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲು, ಅಗ್ಗದ್ದು. ತುದಿಯ ಕಚ್ಚನ್ನು ಎಲುಬಿಗೆ ಇಟ್ಟು ಪಕ್ಕದಿಂದ ಓದಬೇಕು. ಒಂದೊಂದೇ ಕಣ್ಣು ಅಳೆಯುವುದರಿಂದ ಮುಖದ ಎರಡು ಪಕ್ಕ ಸಮ ಇಲ್ಲದವರಿಗೂ ಅನುಕೂಲ. ಸ್ಕೇಲು ಓರೆಯಾದರೆ ಮಾತ್ರ ಲೆಕ್ಕ ಕೆಡುತ್ತದೆ.

ಬೈಕ್ ಅಪಘಾತದಲ್ಲಿ ಹೊರಮೂಲೆಯ ಎಲುಬೇ ಮುರಿದು ಬಂದವರಿಗೆ ಈ ಎರಡೂ ಬೇಡ. ಆಧಾರವೇ ಜರುಗಿದ ಮೇಲೆ ಅಳತೆಗೆ ಏನರ್ಥ, ಅಲ್ವಾ? ಆಪರೇಷನ್‌ನಲ್ಲಿ ಆ ಎಲುಬು ತೆಗೆದಿದ್ದರೂ ಅಷ್ಟೇ. ಅಲ್ಲಿ ಬೇಕಾಗುವುದು ನಾಗಲ್, ಅದು ಹುಬ್ಬಿನ ಎಲುಬು ಮತ್ತು ಕೆನ್ನೆಯ ಎಲುಬಿನ ಮೇಲೆ ಕೂರುತ್ತದೆ. ಅದರ ಅಂಕಿಯನ್ನು ಹರ್ಟೆಲ್ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ.

ಸಿಟಿ ಸ್ಕ್ಯಾನ್‌ನಲ್ಲೂ ಅಳೆಯಬಹುದು. ಎರಡೂ ಹೊರ ಅಂಚುಗಳ ನಡುವೆ ಗೆರೆ ಎಳೆದು, ಅಲ್ಲಿಂದ ಕಾರ್ನಿಯಾದ ಮುಂಭಾಗಕ್ಕೆ ಎಷ್ಟು ದೂರ ಅಂತ ನೋಡುತ್ತಾರೆ. ಗುಡ್ಡೆಯ ಹಿಂದೆ ಗಡ್ಡೆ ಇದೆಯಾ, ಸ್ನಾಯು ದಪ್ಪವಾಗಿದೆಯಾ ಅಂತ ಕಾಣುವುದು ಇದರಲ್ಲೇ. ಆದರೆ ಬರೀ ಅಳತೆಗಾಗಿ ಪದೇ ಪದೇ ವಿಕಿರಣ ಕೊಡುವುದು ಸರಿಯಲ್ಲ.

ಇನ್ನೊಂದು. ದೃಷ್ಟಿ ಮಂಜಾಗುತ್ತಿದೆ, ಕೆಂಪು ಬಣ್ಣ ಮಸುಕಾಗಿ ಕಾಣುತ್ತಿದೆ ಅಂತ ರೋಗಿ ಹೇಳಿದರೆ, ಅಥವಾ ಜ್ವರದ ಜೊತೆ ಮಗುವಿನ ಕಣ್ಣು ದಿಢೀರನೆ ಊದಿ ಮುಂದೆ ಬಂದಿದ್ದರೆ ಅಳೆಯುತ್ತಾ ಕೂರಬೇಡಿ. ಕೂಡಲೇ ಡಾಕ್ಟರನ್ನು ಕರೆಯಿರಿ, ಚೀಟಿ ಆಮೇಲೆ ಬರೆಯಬಹುದು.