ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಅಪರ್ಚರ್ ಅಂಟಿಕೊಂಡರೆ...

ಅಪರ್ಚರ್ ಅಂದರೆ ಲೆನ್ಸಿನೊಳಗೆ ತೆಳು ಎಲೆಗಳು ಸೇರಿ ಮಾಡುವ, ಬೆಳಕು ಹಾಯುವ ತೂತು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಅದು ಕೆಟ್ಟಿದ್ದು ಬೇಗ ಗೊತ್ತಾಗುವುದಿಲ್ಲ. ನಾವು ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಬೆಳಕು ಫಿಲ್ಮಿಗೆ ಹೋಗುವ ದಾರಿ ಬೇರೆ. ಕಿಂಡಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರೋಲ್ ತೊಳೆಸಿದ ಮೇಲೆ ನೆಗೆಟಿವ್ ಕಪ್ಪಗೆ, ದಟ್ಟವಾಗಿ ಬಂದಾಗಲೇ ಎದೆ ಧಸಕ್ಕೆನ್ನುವುದು.

ಕ್ಯಾನನ್‌ನ ಕ್ಯಾನೊನೆಟ್ ಕ್ಯೂಎಲ್17 ಜಿ-3 ಇಂಥ ಕ್ಯಾಮೆರಾಗಳಿಗೆ ಒಳ್ಳೆಯ ಉದಾಹರಣೆ. 1972ರ ಮಾದರಿ, ಎಫ್/1.7ರ 40 ಎಂಎಂ ಲೆನ್ಸ್. ಎಫ್ ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು. ನೀವು ಅಪರ್ಚರ್ ರಿಂಗನ್ನು ಎಫ್/16ಕ್ಕೆ ಇಟ್ಟಿದ್ದೀರಿ, ಒಳಗಿನ ಎಲೆಗಳು ಮಾತ್ರ ಎಫ್/1.7ರಲ್ಲೇ ನಿಂತಿವೆ ಎಂದುಕೊಳ್ಳಿ. ಆಗ ಫಿಲ್ಮಿಗೆ ಬೀಳುವ ಬೆಳಕು ಬೇಕಾದ್ದರ ಸುಮಾರು 88 ಪಟ್ಟು. ಯಾವ ಫಿಲ್ಮ್ ತಾನೇ ಇದನ್ನು ತಡೆದುಕೊಂಡೀತು?

ಬಹಳ ಸಲ ಇದಕ್ಕೆ ಕಾರಣ ಜಿಡ್ಡು. ಫೋಕಸ್ ರಿಂಗಿನ ಮರೆಯಲ್ಲಿ ಗ್ರೀಸ್ ಇರುತ್ತದೆ. ವರ್ಷಗಳು ಕಳೆದಂತೆ, ಅದರಲ್ಲೂ ಬಿಸಿ ಜಾಗದಲ್ಲಿ ಇಟ್ಟರೆ, ಗ್ರೀಸಿನಿಂದ ಎಣ್ಣೆ ಬೇರೆಯಾಗಿ ಮೆಲ್ಲಗೆ ಎಲೆಗಳ ಮೇಲೆ ಹರಡುತ್ತದೆ. ಕಾಗದಕ್ಕಿಂತ ತೆಳುವಾದ ಎಲೆಗಳು ಅವು. ನಡುವೆ ಎಣ್ಣೆ ಸೇರಿದರೆ ಒದ್ದೆ ಗಾಜಿನ ಹಾಳೆಗಳ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಾಗಾಗಿ ಇಲ್ಲಿ ಎಣ್ಣೆ ಬಿಡುವುದೇ ದೊಡ್ಡ ತಪ್ಪು. ತುಕ್ಕು ಬಿಡಿಸುವ ಸ್ಪ್ರೇಯನ್ನಂತೂ ಹತ್ತಿರಕ್ಕೂ ತರಬೇಡಿ. ಅಪರ್ಚರ್ ಎಲೆಗಳು ಒಣಗಿಯೇ ಕೆಲಸ ಮಾಡಬೇಕು.

ಬಿಚ್ಚುವ ಮೊದಲು

ಫಿಲ್ಮ್, ಬ್ಯಾಟರಿ ಎರಡನ್ನೂ ತೆಗೆಯಿರಿ. ಹಿಂಬದಿಯ ಮುಚ್ಚಳ ತೆರೆದು, ಬೆಳಕನ್ನು ಕ್ಷಣಕಾಲ ಒಳಬಿಡುವ ಬಾಗಿಲಾದ ಶಟರನ್ನು 'ಬಿ'ಗೆ ಇಡಿ. ಆಗ ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಅದು ತೆರೆದೇ ಇರುತ್ತದೆ. ಅಪರ್ಚರ್ ರಿಂಗನ್ನು ಆಟೋದಿಂದ (ಅಲ್ಲಿ ಕ್ಯಾಮೆರಾವೇ ಅಪರ್ಚರ್ ಆರಿಸುತ್ತದೆ) ಸರಿಸಿ ಎಫ್/1.7ಕ್ಕೆ ತನ್ನಿ. ಫಿಲ್ಮ್ ಲಿವರ್ ಎಳೆದು ಬಟನ್ ಒತ್ತಿ ಹಿಡಿದು, ಹಿಂದಿನಿಂದ ಲೆನ್ಸಿನೊಳಗೆ ನೋಡಿ. ಬಿಟ್ಟು, ಮತ್ತೆ ಎಳೆದು, ಎಫ್/2.8ರಲ್ಲಿ ನೋಡಿ. ಹೀಗೆ ಎಫ್/16ರ ತನಕ ಹೋಗಿ. ಪ್ರತಿ ಸಲ ಹೊಸದಾಗಿ ಒತ್ತಿಯೇ ನೋಡಬೇಕು, ಯಾಕೆಂದರೆ ಕೆಲವು ಮಾದರಿಗಳಲ್ಲಿ ಬಟನ್ ಒತ್ತಿದಾಗ ಮಾತ್ರ ಎಲೆಗಳು ಸರಿಯುತ್ತವೆ.

ತೂತು ಸಣ್ಣದಾಗುತ್ತಾ ಹೋದರೆ ಎಲೆಗಳು ಚೆನ್ನಾಗಿವೆ. ತೊಂದರೆ ಆಟೋದಲ್ಲಿ ಮಾತ್ರ ಅಂದರೆ ಬೆಳಕು ಅಳೆಯುವ ಮೀಟರ್ ಅಥವಾ ಬ್ಯಾಟರಿಯ ಕಡೆ ನೋಡಬೇಕು. ಸುಮ್ನೆ ಲೆನ್ಸ್ ಬಿಚ್ಚಬೇಡಿ. ತೂತು ಬದಲಾಗದೆ, ಎಲೆಗಳ ಮೇಲೆ ಕಾಮನಬಿಲ್ಲಿನಂಥ ಹೊಳಪು ಕಂಡರೆ ಅದು ಎಣ್ಣೆಯೇ. ರಿಂಗ್ ಯಾವ ಬಿಗಿಯೂ ಇಲ್ಲದೆ ಬುಗುರಿಯಂತೆ ತಿರುಗಿದರೆ, ರಿಂಗಿಗೂ ಎಲೆಗಳಿಗೂ ನಡುವಿನ ಕೊಂಡಿ ಕಳಚಿರಬಹುದು. ರಿಂಗ್ ಬಿಗಿಯಾಗಿದ್ದರೆ ಬಲ ಹಾಕಿ ತಿರುಗಿಸಲು ಹೋಗಬೇಡಿ. ಒಂದು ಎಲೆ ಬಾಗಿದರೂ ಮುಂದಿನ ಕೆಲಸ ಹತ್ತು ಪಟ್ಟು ಕಷ್ಟ.

ಒಳಗೆ ಇಳಿಯೋಣ

ಬೇಕಾದ್ದು ಇಷ್ಟು: ರಬ್ಬರ್ ಬಿರಡೆ, ಲೆನ್ಸ್ ಸ್ಪ್ಯಾನರ್ (ಎರಡು ಮೊನೆಗಳಿರುವ, ಲೆನ್ಸ್ ಬಿಚ್ಚುವ ಸಲಕರಣೆ), ಚಿಮುಟ, ಹತ್ತಿ ಕಡ್ಡಿಗಳು, ಗಾಳಿ ಊದುವ ಬ್ಲೋವರ್, ಬೀಗವಿರುವ ಕೇಬಲ್ ರಿಲೀಸ್ (ಶಟರ್ ಬಟನ್ ಒತ್ತುವ ತಂತಿ), ಲೈಟರ್ ಫ್ಲೂಯಿಡ್ (ಸಿಗರೇಟ್ ಲೈಟರಿಗೆ ತುಂಬುವ ದ್ರವ). ಈ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ದೀಪ, ಒಲೆ ಯಾವುದೂ ಬೇಡ.

ಲೆನ್ಸ್ ಮುಂದೆ ಹೆಸರು ಬರೆದ ರಿಂಗಿನ ಮೇಲೆ ರಬ್ಬರ್ ಒತ್ತಿ ಎಡಕ್ಕೆ ತಿರುಗಿಸಿ. ಅದು ಬಂದ ಮೇಲೆ ಮುಂದಿನ ಗಾಜಿನ ಜೋಡಣೆ ಕಾಣುತ್ತದೆ. ಬಿಚ್ಚುವ ಮೊದಲು ಅದರ ಅಂಚಿಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದು ಸಣ್ಣ ಗುರುತು ಹಾಕಿ, ಫೋಟೋ ತೆಗೆದುಕೊಳ್ಳಿ. ಸ್ಪ್ಯಾನರಿನ ಎರಡು ಮೊನೆಗಳು ಕುಳಿಗಳಲ್ಲಿ ಗಟ್ಟಿಯಾಗಿ ಕೂತ ಮೇಲಷ್ಟೇ ತಿರುಗಿಸಿ. ಜಾರಿದರೆ ಗಾಜಿಗೆ ಗೀರು ಬೀಳುತ್ತದೆ.

ಈಗ ಮೊದಲು ಕಾಣುವುದು ಶಟರ್ ಎಲೆಗಳು. ಅಪರ್ಚರ್ ಅವುಗಳ ಹಿಂದಿದೆ. ಕೇಬಲ್ ರಿಲೀಸಿನ ಬೀಗ ಹಾಕಿ ಶಟರನ್ನು ತೆರೆದೇ ಇಟ್ಟರೆ ಅಪರ್ಚರ್ ಕೈಗೆ ಸಿಗುತ್ತದೆ.

ಹತ್ತಿ ಕಡ್ಡಿಯನ್ನು ಫ್ಲೂಯಿಡ್‌ನಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಒತ್ತಿ ತೆಗೆದು, ಎಲೆಗಳ ಮೇಲೆ ಹಗುರವಾಗಿ ಆಡಿಸಿ. ಒಂದು ನಿಮಿಷ ಬಿಡಿ. ಬಿಗಿ ಸಡಿಲವಾದ ಮೇಲೆ ರಿಂಗನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿ, ತಕ್ಷಣ ಒಣ ಕಡ್ಡಿಯಿಂದ ಒರೆಸಿ. ಒರೆಸುವುದೇ ಇಲ್ಲಿ ನಿಜವಾದ ಕೆಲಸ. ಫ್ಲೂಯಿಡ್ ಎಣ್ಣೆಯನ್ನು ಕರಗಿಸುತ್ತದೆ ಅಷ್ಟೇ, ಹೊರಗೆ ಹಾಕುವುದಿಲ್ಲ. ನನ್ನ ಮೊದಲ ರಿಪೇರಿಯಲ್ಲಿ ಧಾರಾಳವಾಗಿ ಸುರಿದೆ. ಎಲೆಗಳು ಚಕಚಕ ಓಡಿದವು, ಖುಷಿಯಿಂದ ಮುಚ್ಚಿಟ್ಟೆ. ಮರುದಿನ ಮತ್ತೆ ಅಂಟಿಕೊಂಡಿದ್ದವು. ಫ್ಲೂಯಿಡ್ ಆವಿಯಾಗಿ ಹೋಗಿತ್ತು, ಎಣ್ಣೆ ಅಲ್ಲೇ ಉಳಿದಿತ್ತು. ಅಂದಿನಿಂದ ಹೊಸ ಕಡ್ಡಿ ಕಲೆಯಿಲ್ಲದೆ ಬರುವ ತನಕ ಒರೆಸುತ್ತೇನೆ. ಎಂಟು ಸಲ, ಹತ್ತು ಸಲ ಆಗಬಹುದು, ಅವಸರ ಬೇಡ.

ಮುಚ್ಚದೆ, ದೂಳು ಬೀಳದಂತೆ ಡಬ್ಬಿಯಡಿ ಒಂದು ರಾತ್ರಿ ಇಡಿ. ಬೆಳಗ್ಗೆಯೂ ಎಲೆಗಳು ಸಲೀಸಾಗಿ ಸರಿದರೆ ಗಾಜಿನ ಒಳಮೈ ಒರೆಸಿ, ಗುರುತು ನೋಡಿ, ಕೊನೆಯ ತನಕ ತಿರುಗಿಸಿ ಕೂರಿಸಿ.

ಎಲೆ ಕಳಚಿದ್ದರೆ

ಒಂದೊಂದು ಎಲೆಗೂ ಎರಡು ಪುಟ್ಟ ಮೊಳೆಗಳಿರುತ್ತವೆ, ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಒಂದು ಅಲುಗದ ತಟ್ಟೆಯ ತೂತಿನಲ್ಲಿ ಕೂರಬೇಕು, ಇನ್ನೊಂದು ತಿರುಗುವ ತಟ್ಟೆಯ ಸೀಳಿನಲ್ಲಿ. ಒಂದರ ಮೇಲೊಂದು ಹೊದಿಸುತ್ತಾ ಬಂದು, ಕೊನೆಯ ಎಲೆಯ ತುದಿಯನ್ನು ಮೊದಲನೆಯದರ ಅಡಿಗೆ ತೂರಿಸಬೇಕು. ಆ ಕೊನೆಯ ಎಲೆಯೇ ಬಹಳ ಕಾಡುವುದು. ಇದಕ್ಕೆ ಇಡೀ ಶಟರನ್ನು ಹೊರತೆಗೆಯಬೇಕಾಗುತ್ತದೆ. ಮೊದಲ ಸಲ ಕ್ಯಾಮೆರಾ ಬಿಚ್ಚುತ್ತಿರುವವರು ಇಲ್ಲಿಗೆ ನಿಲ್ಲಿಸಿ, ಅನುಭವವಿರುವ ಮೆಕ್ಯಾನಿಕ್ ಕೈಗೆ ಕೊಡುವುದೇ ಒಳ್ಳೆಯದು. ಬಾಗಿದ ಎಲೆಯನ್ನು ಉಗುರಿನಿಂದ ನೇರ ಮಾಡಲು ಹೋದರೆ ಮೊಳೆ ಕಿತ್ತು ಬರುತ್ತದೆ.

ಪರೀಕ್ಷೆಯ ರೋಲ್

100 ಐಎಸ್‌ಒ ನೆಗೆಟಿವ್ ಫಿಲ್ಮ್ ಹಾಕಿ. ಚುರುಕು ಬಿಸಿಲಿನಲ್ಲಿ ಒಂದೇ ಗೋಡೆ ಅಥವಾ ಮರವನ್ನು, ಶಟರ್ 1/125 ಸೆಕೆಂಡಿನಲ್ಲೇ ಇಟ್ಟು, ಎಫ್/4, 5.6, 8, 11, 16 ಹೀಗೆ ಐದು ಸಲ ತೆಗೆಯಿರಿ. ತೊಳೆಸಿದ ಮೇಲೆ ಪ್ರಿಂಟ್ ನೋಡಬೇಡಿ. ಲ್ಯಾಬಿನ ಯಂತ್ರ ಹೆಚ್ಚುಕಡಿಮೆಗಳನ್ನು ಸರಿದೂಗಿಸಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ನೆಗೆಟಿವನ್ನೇ ಬೆಳಕಿಗೆ ಹಿಡಿಯಿರಿ. ಎಫ್/4ರ ಚಿತ್ರ ದಟ್ಟವಾಗಿದ್ದು, ಅಲ್ಲಿಂದ ಮೆಟ್ಟಿಲಿಳಿದ ಹಾಗೆ ಒಂದೊಂದೇ ತೆಳುವಾಗಬೇಕು. ಪಕ್ಕಪಕ್ಕದ ಎರಡು ಒಂದೇ ತರ ಕಂಡರೆ, ಆ ಎರಡು ಅಂಕಿಗಳ ನಡುವೆ ಎಲೆಗಳು ಇನ್ನೂ ತಡವರಿಸುತ್ತಿವೆ. ರಬ್ಬರ್ ಬಿರಡೆ, ಹತ್ತಿ ಕಡ್ಡಿ ಮತ್ತೆ ಹೊರಗೆ ಬರಲಿ.