ಬರೀ ಅಕ್ಷರದಲ್ಲಿ ಪಾಠದ ಆಟ ಕಟ್ಟುವುದು ಹೇಗೆ?

ಪಾಠಕ್ಕೆ ಆಟ ಮಾಡಿದ್ದೇವೆ ಅಂತ ಮೇಷ್ಟ್ರುಗಳು ತೋರಿಸುವುದರಲ್ಲಿ ಮುಕ್ಕಾಲು ಪಾಲು ಆಟವೇ ಅಲ್ಲ, ವೇಷ ಹಾಕಿದ ಪ್ರಶ್ನೆಪತ್ರಿಕೆ. ಸರಿಯಾದದ್ದು ಒತ್ತಿದರೆ 'ಭೇಷ್', ಇಲ್ಲದಿದ್ದರೆ 'ಮತ್ತೆ ಪ್ರಯತ್ನಿಸಿ'. ಮಕ್ಕಳು ಓದುವುದೇ ಇಲ್ಲ, ಒಂದೊಂದಾಗಿ ಒತ್ತುತ್ತಾ ಮುಗಿಸಿಬಿಡುತ್ತಾರೆ.

1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇತಿಹಾಸದ ಪಾಠಕ್ಕೆಂದು ಬರೆದ, ಎತ್ತಿನ ಬಂಡಿಯಲ್ಲಿ ಪಶ್ಚಿಮಕ್ಕೆ ವಲಸೆ ಹೋಗುವ 'ಒರೆಗಾನ್ ಟ್ರೇಲ್' ಎಂಬ ಕಂಪ್ಯೂಟರ್ ಆಟಕ್ಕೆ ಪರದೆಯೂ ಇರಲಿಲ್ಲ. ಟೆಲಿಟೈಪ್ ಯಂತ್ರದ ಕಾಗದದ ಮೇಲೆ ಅಕ್ಷರ ಮೂಡುತ್ತಿತ್ತು, ಅಷ್ಟೇ. ಆದರೆ ಕೈಲಿರುವ ದುಡ್ಡಲ್ಲಿ ಎತ್ತಿಗೆಷ್ಟು, ಊಟಕ್ಕೆಷ್ಟು, ಬಂದೂಕಿನ ಗುಂಡಿಗೆಷ್ಟು ಅಂತ ಮಕ್ಕಳೇ ತೂಗಿ ನೋಡಬೇಕಿತ್ತು. ನಮಗೂ ಬೇಕಿರುವುದು ಅದೇ.

ಸಾಧನಕ್ಕೆ ಟ್ವೈನ್ ಸಾಕು, ಓದುಗರೇ ದಾರಿ ಆರಿಸುವಂಥ ಕಥೆ ಕಟ್ಟುವ ತಂತ್ರಾಂಶ ಅದು. ಪುಕ್ಕಟೆ, ಬ್ರೌಸರ್‌ನಲ್ಲೇ ನಡೆಯುತ್ತದೆ. ನಡುನಡುವೆ ಜಾಹೀರಾತು ತೂರಿಸುವ ಕ್ವಿಜ್ ಆ್ಯಪ್‌ಗಳ ಸಹವಾಸ ಬೇಡ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಫೈಲಿಂದ ನೇರವಾಗಿ ಅಂಟಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಪಾಠದಿಂದ ಒಬ್ಬ ವ್ಯಕ್ತಿಯನ್ನು ಆರಿಸಿ. ಮಳೆಯಾಶ್ರಿತ ಬೇಸಾಯದ ಪಾಠ ಅನ್ನಿ. ಕೋಲಾರ ಕಡೆಯ ಒಬ್ಬ ರೈತ ಸಾಕು.

ಈಗ ಎಲ್ಲರೂ ಎಡವುವ ಜಾಗ: ಆಯ್ಕೆ ಬರೆಯುವುದು. ಒಂದು ಪ್ಯಾಸೇಜ್, ಅಂದರೆ ಒಂದು ಸಲಕ್ಕೆ ಪರದೆಯಲ್ಲಿ ಕಾಣುವ ಕಥೆಯ ತುಂಡು, ಹೀಗಿರಲಿ:

'ಜುಲೈ ಮುಗಿಯುತ್ತಾ ಬಂತು, ಮಳೆ ಹಿಡಿದಿಲ್ಲ. ಕೈಲಿ ಇಪ್ಪತ್ತು ಸಾವಿರ ಇದೆ.
[[ರಾಗಿ ಬಿತ್ತು]]
[[ಸಾಲ ಮಾಡಿ ಬೋರ್ ಕೊರೆಸಿ ಟೊಮೆಟೊ ಹಾಕು]]'

ಎರಡು ಚೌಕ ಆವರಣದೊಳಗೆ ಬರೆದದ್ದೇ ಕೊಂಡಿ. ಅದನ್ನು ಒತ್ತಿದರೆ ತೆರೆಯುವ ಹೊಸ ಪ್ಯಾಸೇಜ್ ತಾನಾಗೇ ಹುಟ್ಟುತ್ತದೆ. ಇಲ್ಲಿ ಮೂರನೆಯದಾಗಿ 'ಸುಮ್ನೆ ಮಲಗು' ಅಂತ ಸೇರಿಸಬೇಡಿ. ಯಾರೂ ಆರಿಸದ ಆಯ್ಕೆ ಆಯ್ಕೆಯೇ ಅಲ್ಲ. ಎರಡಕ್ಕೂ ಒಂದೊಂದು ಆಸೆ, ಒಂದೊಂದು ಭಯ ಇರಬೇಕು. ಟೊಮೆಟೊ ಒತ್ತಿದ ತಕ್ಷಣ 'ತಪ್ಪು' ಅನ್ನಬೇಡಿ. ಬೋರಲ್ಲಿ ನೀರು ಬರಲಿ, ಬೆಳೆಯೂ ಬರಲಿ. ಮಂಡಿಗೆ ಹೋದ ದಿನ ಬಾಕ್ಸಿನ ರೇಟು ಬಿದ್ದಿರಲಿ, ಸಾಲದವನು ಬಾಗಿಲಿಗೆ ಬರಲಿ. ಹಾಗಂತ ರಾಗಿ ಹಾಕಿದವನನ್ನು ಮಹಾತ್ಮ ಮಾಡಲೂಬೇಡಿ. ಮನೆಗೆ ಮುದ್ದೆಗಾಯ್ತು, ಮಗಳ ಫೀಸಿಗೆ? ಸಾಲದ ಬಗ್ಗೆ ನೀವು ಉಪದೇಶ ಬರೆದಿಲ್ಲ, ಆದರೂ ಪಾಠ ಆಗಿದೆ, ಅಲ್ವಾ? ಉಪದೇಶ ಬರೆಯಲು ಕೈ ತುರಿಸಿದರೆ ಅದನ್ನು ತರಗತಿಯ ಚರ್ಚೆಗೆ ಇಟ್ಟುಕೊಳ್ಳಿ.

ಇನ್ನೊಂದು ತಲೆನೋವು, ಕವಲು. ಪ್ರತಿ ಸಲ ಎರಡು ದಾರಿ ಅಂದರೆ ಐದು ತಿರುವಿಗೆ 32 ಮುಕ್ತಾಯ. ಯಾರು ಬರೆಯುತ್ತಾರೆ? ಬೇರೆಯಾದ ದಾರಿಗಳನ್ನು ಒಂದೆರಡು ಪ್ಯಾಸೇಜ್ ಆದಮೇಲೆ ಮತ್ತೆ ಸೇರಿಸಿ. ಯಾವ ಬೆಳೆ ಹಾಕಿದರೂ ದೀಪಾವಳಿ ಬಂದೇ ಬರುತ್ತದೆ. ಮನೆಯಲ್ಲಿ ಎಷ್ಟು ದುಡ್ಡಿದೆ ಅನ್ನುವುದಷ್ಟೇ ಬೇರೆ. ಆ ಲೆಕ್ಕ ನೆನಪಿಟ್ಟುಕೊಳ್ಳಲು ಟ್ವೈನ್‌ನಲ್ಲಿ ವೇರಿಯಬಲ್ ಅನ್ನುವ ಸೌಲಭ್ಯ ಇದೆ. ಮೊದಲ ಆಟಕ್ಕೆ ಅದೂ ಬೇಡ, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ನನಗಂತೂ ಅದೇ ಇಷ್ಟ, ಕೂಡಿ ಕಳೆಯುವಾಗ ಸಾಲದ ಬಿಸಿ ಜಾಸ್ತಿ ತಟ್ಟುತ್ತದೆ.

ಒಂದು ಮಗುವಿನ ಕೈಲಿ ಆಡಿಸಿ, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಿ. ಎಲ್ಲಿ ಓದದೆ ಒತ್ತುತ್ತದೋ ಅಲ್ಲಿ ವಾಕ್ಯ ಕತ್ತರಿಸಿ.

ಬ್ರೌಸರ್‌ನಲ್ಲಿ ಬರೆದ ಕಥೆ ಆ ಬ್ರೌಸರ್‌ನೊಳಗೇ ಉಳಿಯುತ್ತದೆ. ಲ್ಯಾಬಿನಲ್ಲಿ ಯಾರಾದರೂ ಬ್ರೌಸರ್ ಡೇಟಾ ಅಳಿಸಿದರೆ ಅದೂ ಹೋಯಿತು. ದಿನದ ಕೆಲಸ ಮುಗಿದಾಗೆಲ್ಲ 'ಪಬ್ಲಿಷ್ ಟು ಫೈಲ್' ಒತ್ತಿ. ಒಂದು ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದ ಶಾಲೆಯಲ್ಲೂ ಆಡಿಸಬಹುದು.