ಆರಡಿ ನಾಲ್ಕಿಂಚಿನವರಿಗೆ ಹಗುರ ಟೆಂಟ್: ನಾನು ಅಳತೆ ನೋಡುವ ಬಗೆ

ಟೆಂಟಿನ ಚೀಟಿಯಲ್ಲಿ ‘ಉದ್ದ 210 ಸೆಂ.ಮೀ.’ ಅಂತಿದ್ದರೆ ಅದು ನೆಲದ ಉದ್ದ. ನೆಲಕ್ಕೆ ಅಂಟಿಕೊಂಡು ಮಲಗುವುದು ಹಾವು ಮಾತ್ರ. ನಾವು ಮಲಗುವುದು 8 ಸೆಂ.ಮೀ. ದಪ್ಪದ ಗಾಳಿ ಮ್ಯಾಟಿನ ಮೇಲೆ. ಅಂಗಾತ ಮಲಗಿದರೆ ಕಾಲ್ಬೆರಳ ತುದಿ ನೆಲದಿಂದ 30 ಸೆಂ.ಮೀ. ಮೇಲೆ ಇರುತ್ತದೆ, ಸ್ಲೀಪಿಂಗ್ ಬ್ಯಾಗಿನ ದಪ್ಪ ಸೇರಿದರೆ ಇನ್ನೂ ಸ್ವಲ್ಪ ಮೇಲೆ. ಆ ಎತ್ತರದಲ್ಲಿ ಟೆಂಟ್ ಎಷ್ಟು ಉದ್ದ ಉಳಿದಿದೆ ಅನ್ನುವುದನ್ನೇ ನಾನು ಮೊದಲು ನೋಡುವುದು. ತೂಕ, ಬೆಲೆ, ಬಣ್ಣ ಎಲ್ಲ ಆಮೇಲೆ.

ನನ್ನ ಎತ್ತರ 193 ಸೆಂ.ಮೀ. ನಿದ್ದೆಯಲ್ಲಿ ಪಾದ ಮುಂದಕ್ಕೆ ಬಾಗುವುದಕ್ಕೆ 7, ಬ್ಯಾಗಿನ ತಲೆ-ಕಾಲಿನ ದಪ್ಪಕ್ಕೆ 5 ಸೇರಿಸಿದರೆ 205 ಆಗುತ್ತದೆ. 30 ಸೆಂ.ಮೀ. ಎತ್ತರದಲ್ಲಿ ಇಷ್ಟು ಸಿಗದಿದ್ದರೆ ಆ ಟೆಂಟ್ ನನಗಲ್ಲ.

ಅಂಗಡಿಯಲ್ಲಿ ಟೆಂಟ್ ಹಾಕಿ ತೋರಿಸಿದರೆ ಇದನ್ನು ಅಳೆಯಲು ಮಕ್ಕಳ 30 ಸೆಂ.ಮೀ. ಸ್ಕೇಲು, ಒಂದು ಟೇಪು ಸಾಕು. ಒಳಗೆ ಕೂತು ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲ್ತುದಿ ಬಟ್ಟೆಗೆ ತಗಲುವವರೆಗೂ ಕಾಲ ಕಡೆಯ ಗೋಡೆಯತ್ತ ಜರುಗಿಸಿ. ಸ್ಕೇಲಿನ ಬುಡದಿಂದ ನೆಲದ ಅಂಚಿಗೆ ಎಷ್ಟಿದೆಯೋ ಅಷ್ಟು ನಷ್ಟ. ತಲೆಯ ಕಡೆಯೂ ಹೀಗೇ ಅಳೆದು ಎರಡನ್ನೂ ಕಳೆಯಿರಿ. ಗೋಡೆ ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಓರೆಯಿದ್ದರೆ ಒಂದೊಂದು ತುದಿಗೆ ಸುಮಾರು 17 ಸೆಂ.ಮೀ. ಹೋಗುತ್ತದೆ, 220ರ ನೆಲ 186ಕ್ಕೆ ಇಳಿಯುತ್ತದೆ. ಅದೇ ನೆಲಕ್ಕೆ ಗೋಡೆ 75 ಡಿಗ್ರಿ ನೆಟ್ಟಗಿದ್ದರೆ 204 ಉಳಿಯುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಪಕ್ಕದಿಂದ ಬರೆದ ಅಳತೆಯ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ, ಪರದೆ ಮೇಲೆ ಸ್ಕೇಲಿಟ್ಟು ಅನುಪಾತ ಹಾಕುತ್ತೇನೆ. ಚಿತ್ರ ಅಳತೆಗೆ ತಕ್ಕಂತೆ ಬರೆದಿದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ನೇಚರ್‌ಹೈಕ್ ಕ್ಲೌಡ್ ಅಪ್ 2 ಟೆಂಟಿನ ನೆಲ 210 × 125. ‘ಮೂಲೆಯಿಂದ ಮೂಲೆಗೆ ಮಲಗಿದರೆ 244 ಸಿಗುತ್ತದಲ್ಲ’ ಅಂತ ಹೇಳುವವರಿದ್ದಾರೆ. ಕಾಗದದ ಮೇಲೆ ಸರಿ. ಆದರೆ ತಲೆಗೆ, ಜೋಡಿಸಿದ ಪಾದಕ್ಕೆ ಅಗಲವೂ ಇದೆಯಲ್ಲ. 20 ಡಿಗ್ರಿ ಓರೆಯಾಗಿ ಮಲಗಿದರೆ ಉದ್ದದಲ್ಲಿ 12 ಸೆಂ.ಮೀ. ಉಳಿತಾಯವಾಗುತ್ತದೆ, ಅದರಲ್ಲಿ ಅರ್ಧದಷ್ಟನ್ನು ಈ ಅಗಲವೇ ತಿನ್ನುತ್ತದೆ. ಮೇಲಾಗಿ ಉದ್ದನೆಯ ಮ್ಯಾಟಿನ ಮೂಲೆಗಳು ಗೋಡೆಗೆ ಇನ್ನಷ್ಟು ಹತ್ತಿರ ಹೋಗುತ್ತವೆ. ಒಬ್ಬರೇ ಮಲಗುವಾಗ ಇದೊಂದು ಉಪಾಯ, ಅಷ್ಟೇ. ಇದನ್ನು ನಂಬಿ ಗಿಡ್ಡ ಟೆಂಟ್ ಕೊಳ್ಳಬೇಡಿ.

ಮ್ಯಾಟ್ ಬದಲಿಸಿದರೆ ಇದಕ್ಕಿಂತ ಲಾಭ. 8 ಸೆಂ.ಮೀ. ಗಾಳಿ ಮ್ಯಾಟ್ ಬಿಟ್ಟು 2 ಸೆಂ.ಮೀ. ಫೋಮ್ ಮ್ಯಾಟ್ ಹಾಸಿದರೆ ದೇಹ 6 ಸೆಂ.ಮೀ. ಕೆಳಗಿಳಿಯುತ್ತದೆ. 60 ಡಿಗ್ರಿ ಗೋಡೆಯಲ್ಲಿ ಇದರಿಂದ ಎರಡೂ ತುದಿ ಸೇರಿ 7 ಸೆಂ.ಮೀ. ಸಿಗುತ್ತದೆ. ಫೋಮ್ ಮ್ಯಾಟ್ ಸಾಮಾನ್ಯವಾಗಿ 183 ಸೆಂ.ಮೀ. ಇರುವುದರಿಂದ ಹಿಮ್ಮಡಿ ಆಚೆ ಬೀಳುತ್ತದೆ. ಖಾಲಿ ಬೆನ್ನುಚೀಲವನ್ನು ಚಪ್ಪಟೆ ಮಾಡಿ ಅದರಡಿ ಇಟ್ಟರಾಯಿತು. ಬೆನ್ನು ಒಪ್ಪಿಕೊಂಡರೆ ಮಾತ್ರ ಈ ಮಾತು.

ಕೂರುವ ಎತ್ತರ ಬೇರೆ ಲೆಕ್ಕ. ಗೋಡೆಗೊರಗಿ ಚಕ್ಕಂಬಕ್ಕಲ ಹಾಕಿ ಕೂತು ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿಸಿಕೊಳ್ಳಿ. ನನಗದು 100 ಸೆಂ.ಮೀ. ಕೂತಾಗ ಅಮುಕಿದ ಮ್ಯಾಟಿಗೆ 5 ಸೇರಿಸಿ. ಬಿಗ್ ಆಗ್ನೆಸ್ ಕಾಪರ್ ಸ್ಪರ್ ಯುಎಲ್ 2 ಟೆಂಟಿನ ನೆಲ 224 ಸೆಂ.ಮೀ., ಉದ್ದ ಪರವಾಗಿಲ್ಲ; ನಡುವಿನ ಎತ್ತರ 102, ಅಲ್ಲಿ ನನ್ನ ತಲೆ ತಾಗುತ್ತದೆ. 110 ಮೇಲಿದ್ದರೆ ಸಲೀಸು. ಟ್ರೆಕ್ಕಿಂಗ್ ಕೋಲಿನ ಮೇಲೆ ನಿಲ್ಲುವ ಟೆಂಟುಗಳಲ್ಲಿ ಕಡಿಮೆ ತೂಕಕ್ಕೇ ಈ ಎತ್ತರ ಸಿಗುತ್ತದೆ, ಪ್ರತ್ಯೇಕ ಕಂಬಿಗಳ ತೂಕ ಇರುವುದಿಲ್ಲವಲ್ಲ.

ಆದರೆ ಅಂಥ ಟೆಂಟಿಗೆ ಗೂಟವೇ ಜೀವ, ನಮ್ಮ ಚಿಕ್ಕಬಳ್ಳಾಪುರದ ಕಡೆ ಬೆಟ್ಟದ ಬುಡವೆಂದರೆ ಹಾಸುಬಂಡೆ. ಗೂಟ ಇಳಿಯದ ಕಡೆ ದಾರದ ತುದಿಯ ಕುಣಿಕೆಗೆ ಗಟ್ಟಿ ಅಡ್ಡಕಡ್ಡಿ ತೂರಿಸಿ, ಕಡ್ಡಿಯ ಮುಂದೆ ದಾರದ ಮೇಲೆ ದೊಡ್ಡ ಕಲ್ಲು ಇಡುತ್ತೇನೆ. ಎಳೆದಾಗ ಕಡ್ಡಿ ಬಂದು ಕಲ್ಲಿಗೆ ಒತ್ತಿ ನಿಲ್ಲುತ್ತದೆ. ದಾರದ ಕೆಳಗೂ ಮೇಲೂ ಗೋಣಿಚೀಲದ ತುಂಡಿರಲಿ, ಇಲ್ಲದಿದ್ದರೆ ಗಾಳಿಗೆ ಉಜ್ಜಿ ಉಜ್ಜಿ ದಾರ ಸವೆಯುತ್ತದೆ. ಬೇಸಿಗೆಯ ಕೆಮ್ಮಣ್ಣಿಗೆ ತೆಳು ಅಲ್ಯೂಮಿನಿಯಂ ಗೂಟ ಬಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ 6 ಮಿ.ಮೀ. ಕಬ್ಬಿಣದ ಸರಳು ಕತ್ತರಿಸಿ ತುದಿ ಬಗ್ಗಿಸಿಕೊಂಡರೆ ಮೂಲೆಗಳಿಗೆ ಆಗುತ್ತದೆ, ತೂಕ ಮಾತ್ರ ಹೆಚ್ಚು. ಸ್ಕಂದಗಿರಿ, ದೇವರಾಯನದುರ್ಗದಂಥ ಅರಣ್ಯ ಇಲಾಖೆ ಜಾಗದಲ್ಲಿ ಮನಬಂದಲ್ಲಿ ಟೆಂಟ್ ಹಾಕುವಂತಿಲ್ಲ. ಸುತ್ತಲಿನ ಹೊಲಗಳಲ್ಲಿ, ಹೊಲದವರನ್ನು ಕೇಳಿಕೊಂಡು ಹಾಕಬೇಕು. ರಾಗಿ ಕಟಾವಾದ ಹೊಲ ನೋಡಲು ಮಟ್ಟಸ, ಆದರೆ ಅದರ ಕೂಳೆ ಟೆಂಟಿನ ತೆಳು ನೆಲವನ್ನು ತೂತು ಮಾಡುತ್ತದೆ. ಕಾಲಲ್ಲಿ ತುಳಿದು ಮಲಗಿಸಿ, ಟಾರ್ಪಾಲಿನ್ ಹಾಸಿಯೇ ಟೆಂಟ್ ಹಾಕಬೇಕು. ಆ ಟಾರ್ಪಾಲಿನ್ ಟೆಂಟಿನಾಚೆ ಇಣುಕಿದರೆ ಮಳೆ ನೀರನ್ನು ಒಳಗೆ ಕರೆಯುತ್ತದೆ, ಅಂಚು ಮಡಚಿ.

ಉದ್ದದವರಿಗೆ ನಿಜವಾದ ಕಾಟ ಮಳೆಯಲ್ಲ, ಇಬ್ಬನಿ. ಡಿಸೆಂಬರ್‌-ಜನವರಿಯಲ್ಲಿ ನಂದಿಯ ಸುತ್ತ ಮಂಜು ಇಳಿದಾಗ ಉಸಿರಿನ ಆವಿ ಹೊರಹೊದಿಕೆಯ ಒಳಮೈಗೆ ಹನಿಗಟ್ಟುತ್ತದೆ. ಪಾದ ಒಳಪರದೆಯನ್ನು ಒತ್ತಿ ಹೊರಹೊದಿಕೆಗೆ ಮುಟ್ಟಿಸಿದರೆ ಬೆಳಗ್ಗೆ ಬ್ಯಾಗಿನ ಕಾಲ ಭಾಗ ಒದ್ದೆ. ನೈಲಾನ್ ಬಟ್ಟೆ ನೆನೆದರೆ ಹಿಗ್ಗಿ ಜೋಲುತ್ತದೆ, ಸಂಜೆ ಇದ್ದ ನಾಲ್ಕು ಬೆರಳಿನ ಅಂತರ ನಡುರಾತ್ರಿಗೆ ಇರುವುದಿಲ್ಲ. ಅದಕ್ಕೇ ನಾನು ಸಿಲಿಕಾನ್ ಲೇಪದ ಪಾಲಿಯೆಸ್ಟರನ್ನೇ ಆರಿಸುವುದು. ಕಾಲ ಗೋಡೆಯ ನಡುವೆ ದಾರ ಕಟ್ಟುವ ಕುಣಿಕೆ ಇದೆಯೇ ನೋಡಿ. ಇಲ್ಲದಿದ್ದರೆ ಒಳಗಿನಿಂದ ಒಂದು ಗೋಲಿ ಒತ್ತಿ ಹಿಡಿದು, ಹೊರಗೆ ಬಟ್ಟೆ ಸಮೇತ ಅದರ ಕತ್ತಿಗೆ ದಾರ ಬಿಗಿದು ಹಿಂದಕ್ಕೆ ಎಳೆದು ಕಟ್ಟುತ್ತೇನೆ. ಒಳಪರದೆ ಬೇರೆಯಾಗಿ ನಿಲ್ಲುವ ಟೆಂಟಾದರೆ ಇದರಿಂದ ಹೊರಹೊದಿಕೆ ಮಾತ್ರ ಸರಿಯುತ್ತದೆ, ಆದರೂ ಒದ್ದೆ ತಗಲುವುದು ತಪ್ಪುತ್ತದೆ. ಬೆಳಗ್ಗೆ ಗೋಲಿ ಬಿಚ್ಚಿಡಿ, ಹಾಗೇ ಬಿಟ್ಟರೆ ಮಡಿಕೆಯಲ್ಲಿ ಲೇಪ ಸವೆಯುತ್ತದೆ.

ಇಳಿಜಾರಿನಲ್ಲಿ ತಲೆ ಮೇಲಕ್ಕಿಟ್ಟು ಮಲಗಿದರೆ ಮ್ಯಾಟ್ ಜಾರಿ ಜಾರಿ ಪಾದ ಮತ್ತೆ ಗೋಡೆಗೇ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಸೀಲಂಟಿನಿಂದ ಟೆಂಟಿನ ನೆಲದ ಮೇಲೆ ಗೇಣಿಗೊಂದರಂತೆ ಚುಕ್ಕೆ ಇಟ್ಟು ಒಂದು ದಿನ ಒಣಗಿಸಿ. ಪಿಯು (ಪಾಲಿಯುರೆಥೇನ್) ಲೇಪದ ನೆಲವಾದರೆ ಸಿಲಿಕಾನ್ ಸರಿಯಾಗಿ ಹಿಡಿಯುವುದಿಲ್ಲ. ಮೊದಲು ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, ಒಣಗಿದ ಮೇಲೆ ಉಗುರಿನಲ್ಲಿ ಕೆರೆದು ನೋಡಿ.